ತುಂಬದ ಗುಂಡಿಯ ಹೆಮ್ಮೆ

ಕಾರವಾರದಿಂದ ಭಟ್ಕಳದವರೆಗೆ ಎಲ್ಲಿ ಹೋದರೂ ಈ ಮಾತು ಕೇಳಿಸುತ್ತದೆ: "ನಮ್ಮ ಶೌಚದ ಗುಂಡಿ ಇಷ್ಟು ವರ್ಷವಾದರೂ ತುಂಬಲಿಲ್ಲ ಮಾರಾಯರೇ!" ಗುಂಡಿ ತೋಡಿದ ಮೇಸ್ತ್ರಿಗೂ ಅದೇ ಪ್ರಶಸ್ತಿಪತ್ರ. ನನಗೆ ಮಾತ್ರ ಇದನ್ನು ಕೇಳಿದರೆ ಭಯವಾಗುತ್ತದೆ. ತುಂಬಲಿಲ್ಲ ಎಂದರೆ ಎಲ್ಲಿಗೋ ಹೋಯಿತು ತಾನೇ?

ನಮ್ಮದು ಚಿರೇಕಲ್ಲಿನ ನೆಲ. ಹೆಸರಿಗೆ ಕಲ್ಲು, ಒಳಗೆಲ್ಲ ತೂತು, ಬಿರುಕು. ಒಳ್ಳೆಯ ಮಣ್ಣಿನಲ್ಲಾದರೆ ಕೊಳಚೆ ನಿಧಾನವಾಗಿ ಇಳಿಯುತ್ತದೆ, ರೋಗಾಣುಗಳು ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಬಿರುಕು ಸಿಕ್ಕಿದರೆ ಅಷ್ಟು ಪುರಸೊತ್ತು ಎಲ್ಲಿದೆ? ಅದರ ಮೇಲೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಆಷಾಢದಲ್ಲಿ ಬಾವಿಯ ನೀರು ಕಟ್ಟೆಯ ಹತ್ತಿರಕ್ಕೆ ಏರಿತೆಂದು ನಾವು ಸಂಭ್ರಮಿಸುವ ಹೊತ್ತಿಗೆ, ಅದೇ ನೀರು ಗುಂಡಿಯ ತಳವನ್ನೂ ಮುಟ್ಟಿರುತ್ತದೆ. ಬಾವಿಗೂ ಗುಂಡಿಗೂ 10 ಮೀಟರ್ ಅಂತರವಿದೆ ಎಂಬ ಸಮಾಧಾನ ಇಲ್ಲಿ ಸಾಲದು.

ಇನ್ನು ವಾಸ್ತು. ಬಾವಿ ಈಶಾನ್ಯಕ್ಕೆ, ಶೌಚದ ಗುಂಡಿ ವಾಯವ್ಯಕ್ಕೆ. ಸರಿ, ನಿಮ್ಮ ಐದು ಗುಂಟೆಯೊಳಗೆ ಎರಡೂ ದೂರವಾದವು. ಆದರೆ ನಿಮ್ಮ ವಾಯವ್ಯ ಮೂಲೆಗೆ ತಾಗಿಕೊಂಡಿರುವುದು ಪಡುವಣ ಮನೆಯವರ ಈಶಾನ್ಯ ಮೂಲೆ. ಅಲ್ಲಿ ಅವರ ಬಾವಿ! ಎಲ್ಲರೂ ಶಾಸ್ತ್ರ ಪಾಲಿಸಿದಷ್ಟೂ ಒಬ್ಬರ ಗುಂಡಿ ಇನ್ನೊಬ್ಬರ ಬಾವಿಗೆ ಹತ್ತಿರ.

"ನಾವು ಕುದಿಸಿಯೇ ಕುಡಿಯುತ್ತೇವೆ" ಎನ್ನುವಿರಿ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಕೊಳಚೆಯಿಂದ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಮೀರಿದರೆ ಮೊದಲ ಅಪಾಯ ಬಾಟಲಿ ಹಾಲು ಕುಡಿಯುವ ಹಸುಳೆಗಳಿಗೆ.

ಉಪಾಯವಿಲ್ಲದೆ ಇಲ್ಲ. ನೀರು ಮೇಲಿರುವ ಕಡೆ ಗುಂಡಿ ಆಳವಾಗಬಾರದು. ತಳ ಮುಚ್ಚಿ, ಸುತ್ತ ಅರ್ಧ ಮೀಟರ್ ದಪ್ಪಕ್ಕೆ ಮರಳು ತುಂಬಬೇಕು. ಮರಳಿನ ದರ ನನಗೂ ಗೊತ್ತು. ಆದರೆ ಹೆಬ್ಬಾಗಿಲಿನ ಕೆತ್ತನೆಗೆ ಸುರಿಯುವ ದುಡ್ಡಿನ ಮುಂದೆ ಅದು ದೊಡ್ಡದಲ್ಲ.

ಪಂಚಾಯತಿಯವರಲ್ಲಿ ನನ್ನದೊಂದೇ ಬೇಡಿಕೆ. ಮನೆಗೆ ಪರವಾನಗಿ ಕೊಡುವಾಗ ನಕ್ಷೆಯಲ್ಲಿ ಅಕ್ಕಪಕ್ಕದವರ ಬಾವಿಗಳನ್ನೂ ಗುರುತಿಸಲು ಹೇಳಿ. ಗುರುತಿಲ್ಲದ ನಕ್ಷೆಯನ್ನು ವಾಪಸು ಕಳಿಸಿ.