ಹದಿನಾಲ್ಕು ಮಣೆ, ಮೇಲೆ ನಾಲ್ಕು ಗುಳಿ

(ಉಡುಪಿಯಲ್ಲಿ ವಿಕಲಚೇತನ ಯುವಜನರ ಪೋಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಸ್ವಲ್ಪ ಹೊತ್ತಿಗೆ ಮುಂಚೆ ಹೊರಗೆ ಚಹಾ ಕುಡಿಯುವಾಗ ಒಬ್ಬ ಹುಡುಗನನ್ನು ಮಾತಾಡಿಸಿದೆ. ‘ಹೆಸರೇನು ಮಾರಾಯ?’ ಅಂದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೇಳಿಬಿಟ್ಟರು. ಊರು ಯಾವುದು ಅಂದೆ, ಅಪ್ಪ ಹೇಳಿದರು. ಚಹಾಕ್ಕೆ ಸಕ್ಕರೆ ಬೇಕಾ ಅಂತ ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ ‘ಅವನಿಗೆ ಬೇಡ’ ಅಂದರು. ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತೈದು ವರ್ಷ ವಿಶೇಷ ಶಾಲೆಯಲ್ಲಿ ಪಾಠ ಮಾಡಿದ ನಾನೂ ಇದನ್ನೇ ಮಾಡಿದವಳು. ಇವತ್ತು ನಾನು ಹೇಳಬೇಕೆಂದು ಬಂದದ್ದೂ ಹೆಚ್ಚುಕಡಿಮೆ ಆ ಸಕ್ಕರೆಯ ವಿಷಯವೇ.

ಮಂಗಳೂರಿನ ಬೆಂದೂರು, ಶಕ್ತಿನಗರದಿಂದ ಹಿಡಿದು ನಮ್ಮ ಪಾಂಬೂರಿನವರೆಗೆ ಕರಾವಳಿಯಲ್ಲಿ ವಿಶೇಷ ಶಾಲೆಗಳಿವೆ. ಕಷ್ಟ ಇರುವುದು ಹದಿನೆಂಟರ ನಂತರ. ಒಂದು ದಿನ ಶಾಲೆಯ ವ್ಯಾನು ಮನೆಯ ಗೇಟಿಗೆ ಬರುವುದು ನಿಲ್ಲುತ್ತದೆ. ಮಗ ಟಿವಿ ಎದುರು ಕೂರುತ್ತಾನೆ. ಎರಡು ವರ್ಷ ಹಾಗೆ ಕೂತರೆ ಬರೆಯುತ್ತಿದ್ದ ಹೆಸರೂ ಮರೆಯುತ್ತದೆ. ಆಗ ಅಪ್ಪ ಅಮ್ಮ ಓಡಿ ಬರುತ್ತಾರೆ, ‘ಟೀಚರ್, ಏನಾದರೂ ಒಂದು ಕೆಲಸ?’

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. ವಿಕಲಚೇತನರ 1995ರ ಕಾಯ್ದೆ ಏಳು ಬಗೆಯ ವೈಕಲ್ಯವನ್ನು ಗುರುತಿಸಿ, ಸರ್ಕಾರಿ ಉದ್ಯೋಗದಲ್ಲಿ ಶೇ. 3 ಮೀಸಲಾತಿ ಕೊಟ್ಟಿತ್ತು. 2016ರ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ. ಅದರಲ್ಲಿ ಬಗೆಗಳು 21 ಆದವು, ಮೀಸಲಾತಿ ಕನಿಷ್ಠ ಶೇ. 4ಕ್ಕೆ ಏರಿತು. ಬೌದ್ಧಿಕ ವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವೈಕಲ್ಯ, ಇಷ್ಟಕ್ಕೂ ಸೇರಿ ಅದರಲ್ಲಿ ಶೇ. 1. ಇದರ ಲಾಭ ಸಿಗಬೇಕಾದರೆ ವೈಕಲ್ಯ ಕನಿಷ್ಠ ಶೇ. 40 ಇರಬೇಕು. ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಮಾಡಿಸದವರು ಈ ತಿಂಗಳೇ ಮಾಡಿಸಿ. ಗ್ರಾಮ ಪಂಚಾಯತಿನಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳಿ. ಆದರೆ ಸರ್ಕಾರಿ ಕೆಲಸವನ್ನೇ ಕಾಯುತ್ತಾ ಕೂರಬೇಡಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಕೆಲಸ ಹೋಟೆಲಿನ ಅಡುಗೆಮನೆಯಲ್ಲಿ, ಬೇಕರಿಯಲ್ಲಿ, ಹಾಳೆತಟ್ಟೆಯ ಯಂತ್ರದ ಬಳಿ, ಇಲ್ಲವೇ ಮನೆಯ ಜಗಲಿಯಲ್ಲೇ ಇದೆ.

ಜಗಲಿ ಅಂದದ್ದಕ್ಕೆ ನೆನಪಾಯಿತು. ಶಂಕರಪುರದ ಕಡೆಯ ಒಂದು ಮನೆ, ಮಲ್ಲಿಗೆ ಕೃಷಿ. ಮಗಳಿಗೆ ಬೌದ್ಧಿಕ ವೈಕಲ್ಯ. ಬಾಳೆನಾರಿನಲ್ಲಿ ಅವಳು ಹೂ ಕಟ್ಟಿದರೆ ನೋಡುತ್ತಾ ನಿಲ್ಲಬೇಕು, ಅಷ್ಟು ಬಿಗಿ, ಅಷ್ಟು ಒಪ್ಪ. ಆದರೆ ಇಪ್ಪತ್ತು ದಾಟಿದರೆ ಎಣಿಕೆ ತಪ್ಪುತ್ತದೆ. ನಿಮಗೆ ಗೊತ್ತಲ್ಲ, ನಮ್ಮ ಮಲ್ಲಿಗೆಯ ಲೆಕ್ಕ ಎಣಿಕೆಯದ್ದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹಾಗಾಗಿ ಅಮ್ಮ ಪಕ್ಕದಲ್ಲಿ ಕೂತು ಎಣಿಸಿ ಕೊಡಬೇಕು, ಇವಳು ಕಟ್ಟಬೇಕು. ಅಮ್ಮನಿಗೆ ಜ್ವರ ಬಂದ ದಿನ ಇವಳಿಗೂ ರಜೆ.

ನಾನು ಎರಡು ವರ್ಷ ಅವಳಿಗೆ ನೂರರವರೆಗೆ ಎಣಿಸಲು ಕಲಿಸಲು ಹೋಗಿ ಸೋತೆ. ಆಟಿ ತಿಂಗಳ ಮಳೆಗಾಲದ ಒಂದು ಮಧ್ಯಾಹ್ನ ಅವರ ಮನೆಗೆ ಹೋದಾಗ ಅವಳು ಅಜ್ಜಿಯ ಜೊತೆ ಚೆನ್ನೆಮಣೆ, ಅಂದರೆ ಅಳಗುಳಿಮಣೆ ಆಡುತ್ತಿದ್ದಳು. ಗುಳಿಗೆ ನಾಲ್ಕರಂತೆ ಮಂಜೊಟ್ಟಿ ಬೀಜ ಸರಸರನೆ ತುಂಬುತ್ತಿದ್ದಳು, ಒಂದೂ ತಪ್ಪದೆ. ನನಗೆ ನಾಚಿಕೆಯಾಯಿತು. ಹೂವಿನ ಎಣಿಕೆಗೂ ಅದೇ ಮಣೆ ಹಿಡಿದೆವು. ಮಣೆಗೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಹೂ, ಅಂದರೆ 56. ಒಂದು ಮಣೆ ತುಂಬಿಸಿ ಬುಟ್ಟಿಗೆ ಸುರಿದಾಗಲೆಲ್ಲ ಎರಡನೆಯ ಮಣೆಯ ಒಂದು ಗುಳಿಗೆ ಒಂದು ಬೀಜ. ಆ ಎರಡನೆಯ ಮಣೆಯೂ ತುಂಬಿತು ಅಂದರೆ 784. ಮೇಲೆ ನಾಲ್ಕು ಗುಳಿ ಹೂ ಹಾಕಿದರೆ ಸರಿಯಾಗಿ 800. ಅವಳಿಗೆ ಎಂಟುನೂರು ಅಂದರೆ ಏನೆಂದು ಇವತ್ತಿಗೂ ಗೊತ್ತಿಲ್ಲ. ಹೂ ಕೊಳ್ಳುವ ಕಟ್ಟೆಯ ವ್ಯಾಪಾರಿಗಳು ಅವಳ ಚೆಂಡನ್ನು ಮತ್ತೆ ಎಣಿಸುವುದಿಲ್ಲ.

ಕೆಲಸ ಕಲಿಸುವುದಕ್ಕಿಂತ ಕೆಲಸಕ್ಕೆ ಹೋಗುವುದನ್ನು ಕಲಿಸುವುದು ಕಷ್ಟ. ವಿಕಲಚೇತನರಿಗೆ ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸು ಇದೆ, ಮನೆಯಿಂದ 100 ಕಿಲೋಮೀಟರಿನ ಒಳಗೆ. ಒಳ್ಳೆಯದೇ. ಆದರೆ ನಮ್ಮ ಒಳದಾರಿಗಳಿಗೆ ಬರುವುದು ಹೆಚ್ಚಾಗಿ ಖಾಸಗಿ ಬಸ್ಸು. ಮೆಟ್ಟಿಲು ಎತ್ತರ, ನಿಲ್ಲುವುದು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು, ಹತ್ತುವ ಮೊದಲೇ ಸೀಟಿ. ಡೌನ್ ಸಿಂಡ್ರೋಮ್ ಇರುವ ಒಬ್ಬ ಹುಡುಗನಿಗೆ ಕಟಪಾಡಿಯಿಂದ ಉಡುಪಿಗೆ ಒಬ್ಬನೇ ಬರಲು ಕಲಿಸಿದೆವು. ಮೊದಲು ಪಕ್ಕದ ಸೀಟಿನಲ್ಲಿ ನಾನು. ಆಮೇಲೆ ಎರಡು ಸೀಟು ಹಿಂದೆ, ಪರಿಚಯವಿಲ್ಲದವಳ ಹಾಗೆ. ಆಮೇಲೆ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ ಅವನ ಅಣ್ಣ. ಕೊನೆಗೆ ಯಾರೂ ಇಲ್ಲ. ಮೂರು ತಿಂಗಳು ಹಿಡಿಯಿತು. ಮಧ್ಯೆ ಒಂದು ದಿನ ಕಲ್ಸಂಕದಲ್ಲಿ ಇಳಿಯದೆ ಮಣಿಪಾಲದವರೆಗೆ ಹೋಗಿಬಿಟ್ಟ. ನಾವೆಲ್ಲ ಎದೆ ಹಿಡಿದುಕೊಂಡು ಹುಡುಕುತ್ತಿದ್ದರೆ ಅವನು ಕಂಡಕ್ಟರಿಗೆ ಕಿಸೆಯ ಚೀಟಿ ತೋರಿಸಿ ಅದೇ ಬಸ್ಸಿನಲ್ಲಿ ವಾಪಸು ಬಂದಿದ್ದ. ಚೀಟಿ ತೋರಿಸುವುದನ್ನು ಕಲಿಸಿದ್ದು ನಾವೇ, ಆದರೆ ಅವನು ಅದನ್ನು ಬಳಸಿಯಾನು ಅಂತ ನಂಬಿರಲಿಲ್ಲ.

ಈಗ ಪೋಷಕರಿಗೆ ಸ್ವಲ್ಪ ಗದರುತ್ತೇನೆ. ಹೋಟೆಲಿನ ಯಜಮಾನರ ಹತ್ತಿರ ಕೆಲಸ ಕೇಳಲು ಹೋದರೆ ‘ಕೆಲಸ ಬರುತ್ತಾ’ ಅಂತ ಅವರು ಕೇಳುವುದು ಕಡಿಮೆ. ‘ನಾಳೆಯೂ ಬರ್ತಾನಾ’ ಅಂತ ಕೇಳುತ್ತಾರೆ. ಹುಡುಗ ಬರಲು ತಯಾರು. ತಡೆಯುವವರು ನಾವು. ಅತ್ತೆಯ ಮನೆಯಲ್ಲಿ ಭೂತಕೋಲ, ಚಿಕ್ಕಪ್ಪನ ಮಗಳ ಮದುವೆ, ಮರುದಿನ ಬೀಗರೂಟ. ಬ್ಯಾಂಕಿನಲ್ಲಿರುವ ಅಣ್ಣ ಅರ್ಧ ದಿನ ರಜೆ ಹಾಕಿ ಓಡಿ ಬರುತ್ತಾನೆ, ಇವನನ್ನು ಮಾತ್ರ ನಾಲ್ಕು ದಿನ ಕರೆದುಕೊಂಡು ಹೋಗುತ್ತೀರಿ. ‘ಅವನದ್ದೇನು ದೊಡ್ಡ ಕೆಲಸ’ ಅಂತ ಮನೆಯವರೇ ಅಂದರೆ ಯಜಮಾನರು ಯಾಕೆ ಪೂರ್ತಿ ಸಂಬಳ ಕೊಟ್ಟಾರು? ದಯೆಯಿಂದ ಕೊಟ್ಟ ಕೆಲಸಕ್ಕೆ ಅರ್ಧ ಸಂಬಳ ಸಿಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಂಬಳ ಅವರ ಖಾತೆಗೇ ಬರಲಿ. ಬೇರೆಯವರಂತೆ ವಿಕಲಚೇತನರಿಗೂ ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕಿದೆ ಅಂತ 2016ರ ಕಾಯ್ದೆಯೇ ಹೇಳುತ್ತದೆ. ಮೊದಲ ಸಂಬಳದಲ್ಲಿ ಹತ್ತು ಐಸ್‌ಕ್ರೀಂ ತಿಂದು ಹೊಟ್ಟೆ ಕೆಡಿಸಿಕೊಂಡರೆ ಕೆಡಿಸಿಕೊಳ್ಳಲಿ. ನಮ್ಮ ಮೊದಲ ಸಂಬಳದಲ್ಲಿ ನಾವು ಏನು ಮಾಡಿದ್ದೆವು ಅಂತ ಯಾರಾದರೂ ಕೇಳಿದರಾ?

ಇನ್ನೊಂದು ಮಾತು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಈಗ ಹೋಟೆಲಿನ ಅಡುಗೆಮನೆಯಲ್ಲಿ ಹಿಂದಿ. ಕೆಲಸದ ಜಾಗದಲ್ಲಿ ಬಳಸುವ ಹತ್ತು ಮಾತನ್ನು ಅಲ್ಲಿಯ ಭಾಷೆಯಲ್ಲೇ ಕಲಿಸಿ. ಆ ಹತ್ತರಲ್ಲಿ ಮೊದಲನೆಯದು ‘ಬೊಡ್ಚಿ’, ತುಳುವಿನ ‘ಬೇಡ’, ಆಗಿರಲಿ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಗುವನ್ನು ನಾವು ‘ಪಾಪ, ಒಳ್ಳೆಯ ಮಗು’ ಅನ್ನುತ್ತೇವೆ. ಹೊರಗಿನ ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯ ಇರುವುದು ಆ ಒಳ್ಳೆಯ ಮಗುವಿಗೇ, ಹೆಣ್ಣುಮಗುವಾದರೆ ಇನ್ನೂ ಹೆಚ್ಚು.

ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ ಅಂತ ನಾನು ಹೇಳುವುದಿಲ್ಲ. ಕೊಕ್ಕಡದ ಕಡೆ ಗೇರುತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳಲ್ಲಿ, ಮಲಗಿದಲ್ಲಿಂದ ಏಳಲಾರದ ಮಕ್ಕಳನ್ನು ಕಂಡಿದ್ದೇನೆ. ಅಲ್ಲೊಬ್ಬ ಯುವಕ ಎರಡು ಅಂಗಿ ಎದುರು ಹಿಡಿದರೆ ಬೇಕಾದ್ದನ್ನು ಕಣ್ಣಲ್ಲೇ ತೋರಿಸುತ್ತಾನೆ. ಅವನ ಅಮ್ಮ ದಿನವೂ ಎರಡು ಅಂಗಿ ಹಿಡಿಯುತ್ತಾರೆ, ಎಷ್ಟೇ ಗಡಿಬಿಡಿ ಇರಲಿ.

‘ನಾವು ಹೋದ ಮೇಲೆ ಇವನಿಗೆ ಯಾರು’ ಅಂತ ನೀವು ಕೇಳುತ್ತೀರಿ ಎಂದು ಗೊತ್ತು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಸಮಿತಿ ಕಾನೂನುಬದ್ಧ ಪಾಲಕರನ್ನು, ಅಂದರೆ ಗಾರ್ಡಿಯನ್ನರನ್ನು, ನೇಮಿಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ಆ ವ್ಯವಸ್ಥೆ. ಅರ್ಜಿಯ ವಿವರ ಊಟದ ನಂತರ ಕೂತು ಮಾತಾಡೋಣ.

ಈಗ ಪ್ರಶ್ನೆಗಳು. ಮೈಕನ್ನು ಮೊದಲು ಆ ಹಿಂದಿನ ಸಾಲಿನ ಹುಡುಗ ಹುಡುಗಿಯರಿಗೆ ಕೊಡಿ. ಅಮ್ಮಂದಿರು ದಯವಿಟ್ಟು ಸ್ವಲ್ಪ ತಡೆಯಿರಿ. ಅವನು ಹೇಳಲಿ, ನಿಧಾನವಾದರೂ ಅಡ್ಡಿಯಿಲ್ಲ, ಊಟಕ್ಕೆ ಇನ್ನೂ ಹೊತ್ತಿದೆ.