ಖಾಲಿ ರಸ್ತೆಗೆ ಹಸಿರು ದೀಪ

ಎಲ್ರಿಗೂ ನಮಸ್ಕಾರ. ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮಂಗೆ ಉಬ್ಬಸ ಜಾಸ್ತಿಯಾಗಿ ತೀರ್ಥಹಳ್ಳಿಯಿಂದ ಕಾರಲ್ಲಿ ಶಿವಮೊಗ್ಗಕ್ಕೆ ಕರ್ಕೊಂಡು ಬಂದ್ವಿ, ಗಾಜನೂರು ದಾಟೋವರೆಗೂ ಸಲೀಸು, ಪೇಟೆ ಒಳಗೆ ಒಂದು ಸಿಗ್ನಲಲ್ಲಿ ನಿಂತ್ವಿ ನೋಡಿ, ಅಡ್ಡ ರಸ್ತೇಲಿ ಒಂದು ಸೈಕಲ್ಲೂ ಇಲ್ಲ, ಆದ್ರೂ ಆ ಕಡೆಗೇ ಹಸಿರು ದೀಪ ಉರೀತಾನೇ ಇದೆ. ಹಿಂದಿನ ಸೀಟಲ್ಲಿ ದೊಡ್ಡಮ್ಮ ಏದುಸಿರು ಬಿಡ್ತಿದ್ರು.

ಅಂಥ ಸಿಗ್ನಲ್‌ಗೆ ಕಣ್ಣಿಲ್ಲ ಮಾರಾಯ್ರೆ. ಯಾವತ್ತೋ ಟೈಮರ್‌ಗೆ ಇಟ್ಟ ಸೆಕೆಂಡು, ಹಬ್ಬದ ಹಿಂದಿನ ದಿನಕ್ಕೂ ಅಷ್ಟೇ, ಭಾನುವಾರ ಮಧ್ಯಾಹ್ನಕ್ಕೂ ಅಷ್ಟೇ. ಮಷೀನ್ ಲರ್ನಿಂಗ್ ಅಂತಾರಲ್ಲ, ಅದು ಕ್ಯಾಮೆರಾದಲ್ಲಿ ಯಾವ ಕಡೆ ಎಷ್ಟು ಗಾಡಿ ನಿಂತಿವೆ ಅಂತ ಎಣಿಸುತ್ತೆ, ಇನ್ನು ದೀಪ ಯಾವಾಗ ಬದಲಾಯ್ಸ್ಬೇಕು ಅನ್ನೋದನ್ನ ಮೊದಲು ಕಂಪ್ಯೂಟರ್ ಒಳಗೇ ಮಾಡಿಟ್ಟ ರಸ್ತೆಗಳಲ್ಲಿ ಸಾವಿರಾರು ಸಲ ಮಾಡಿ ನೋಡುತ್ತೆ, ಸಾಲು ಕರಗಿದ್ರೆ ಅಂಕ ಸಿಗುತ್ತೆ, ಬೆಳೆದ್ರೆ ಅಂಕ ಕಟ್, ಹಂಗೇ ತಪ್ಪು ಮಾಡ್ತಾ ಮಾಡ್ತಾ ಕಲಿಯೋದು.

ಅಮೆರಿಕದ ಪಿಟ್ಸ್‌ಬರ್ಗಲ್ಲಿ 2012ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವ್ರು 9 ಜಂಕ್ಷನ್‌ಗಳಲ್ಲಿ ಬರೋ ಗಾಡಿ ನೋಡಿ ದೀಪದ ಹೊತ್ತನ್ನ ತಾನೇ ಲೆಕ್ಕ ಹಾಕೋ ಒಂದು ವ್ಯವಸ್ಥೆ ಶುರು ಮಾಡಿದ್ರು, ಹೆಸರು ಸರ್‌ಟ್ರ್ಯಾಕ್. ಒಂದು ಸಿಗ್ನಲ್ ಪಕ್ಕದ ಸಿಗ್ನಲ್‌ಗೆ ಇಷ್ಟು ಗಾಡಿ ಕಳಿಸ್ತಿದೀನಿ ಅಂತ ತಿಳಿಸುತ್ತೆ. ಅಲ್ಲಿ ಪ್ರಯಾಣದ ಸಮಯ ಸುಮಾರು ಶೇ. 25, ನಿಂತು ಕಾಯೋದು ಶೇ. 40 ಕಮ್ಮಿ ಆಯ್ತು. ಸಿಗ್ನಲ್‌ಗಳ ಈ ಮಾತುಕತೆ ನಮಗೂ ಬೇಕು, ಶಿವಮೊಗ್ಗದ ಅಮೀರ್ ಅಹಮದ್ ಸರ್ಕಲ್ ಒಂದನ್ನೇ ಖಾಲಿ ಮಾಡಿದ್ರೆ ಆ ಗಾಡಿಗಳೆಲ್ಲ ಹೋಗಿ ಗೋಪಿ ಸರ್ಕಲಲ್ಲಿ ಸಿಕ್ಕಾಕೊಳ್ಳುತ್ವೆ ಅಷ್ಟೇ.

ಹಂಗಂತ ಅಲ್ಲಿದ್ದನ್ನೇ ತಂದು ಇಲ್ಲಿ ಹಾಕಕ್ಕಾಗಲ್ಲ. ಅಲ್ಲಿ ಗಾಡಿಗಳು ಲೇನಲ್ಲಿ ಹೋಗ್ತವೆ, ಇಲ್ಲಿ ಅಡಿಕೆ ಮೂಟೆ ಹೇರಿದ ಲಾರಿ ಪಕ್ಕ ಆಟೋ, ಆಟೋ ಸಂದೀಲಿ ಎರಡು ಬೈಕು. ನಮ್ಮಲ್ಲಿನ ಈ ಥರ ಟ್ರಾಫಿಕ್‌ಗೇ ಅಂತ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನವ್ರು ಕೊಸಿಕೋಸ್ಟ್ ಅನ್ನೋ ಸಿಗ್ನಲ್ ನಿಯಂತ್ರಣ ಸಾಫ್ಟ್‌ವೇರ್ ಮಾಡಿದಾರೆ, ಅದು ನಂಗೆ ತುಂಬ ಖುಷಿ ಕೊಟ್ಟ ವಿಷಯ. ಆದ್ರೆ ಮಲೆನಾಡಿಗೆ ಇನ್ನೊಂದಿದೆ, ಮಳೆ. ಬಿಸಿಲಲ್ಲಿ ತೆಗೆದ ವಿಡಿಯೋ ಮಾತ್ರ ತೋರಿಸಿ ಕಲಿಸಿದ್ರೆ ಆಷಾಢದ ಜಡಿಮಳೇಲಿ, ಲೆನ್ಸ್ ಮೇಲೆ ನೀರಿಳೀತಿರುವಾಗ, ರೇನ್‌ಕೋಟ್ ಹೊದ್ದ ಬೈಕಿನವ್ರನ್ನ ಅದು ಗುರುತು ಹಿಡಿಯೋದು ಕಷ್ಟ. ಜೂನ್, ಜುಲೈ ತಿಂಗಳ ನಮ್ಮ ರಸ್ತೆಗಳ ವಿಡಿಯೋನೇ ಬೇಕು, ಸಂಜೆ ಕತ್ತಲಾದ್ಮೇಲಿಂದೂ ಬೇಕು.

ಗಾಡಿ ಮಾತ್ರ ಎಣಿಸಿದ್ರೂ ಸಾಲಲ್ಲ. ದೊಡ್ಡಮ್ಮ ಈಗ ಹುಷಾರಾಗಿದಾರೆ, ತಿಂಗಳಿಗೊಂದ್ಸಲ ಚೆಕಪ್‌ಗೆ ಬಸ್ಸಲ್ಲೇ ಬರ್ತಾರೆ, ಇಳಿದು ಕೊಡೆ ಹಿಡ್ಕೊಂಡು ರಸ್ತೆ ದಾಟೋಕೆ ಅಂಚಲ್ಲಿ ನಿಂತಿರ್ತಾರಲ್ಲ, ಅವ್ರನ್ನೂ ಆ ಕ್ಯಾಮೆರಾ ಲೆಕ್ಕಕ್ಕೆ ತಗೋಬೇಕು.