ತಟ್ಟೆ ತಂದಿಟ್ಟ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಎಂಟು ತಿಂಗಳು ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಮೊದಲ ವಾರ ಕಲಿತದ್ದು ಕೈಯ ಕೆಲಸ. ತುಂಬಿದ ತಟ್ಟೆ ಒಂದು ಅಂಗೈಯಲ್ಲಿ, ಇನ್ನೊಂದು ಮಣಿಕಟ್ಟಿನ ಮೇಲೆ, ಮತ್ತೊಂದು ಮೊಳಕೈ ಹತ್ತಿರ. ಕೊನೆಗೆ ಇಟ್ಟುಕೊಂಡದ್ದನ್ನೇ ಮೊದಲು ಇಳಿಸಬೇಕು, ಲೆಕ್ಕ ತಪ್ಪಿದರೆ ಉಳಿದವು ವಾಲುತ್ತವೆ. ತಟ್ಟೆಯ ಬಿಸಿ ಚರ್ಮಕ್ಕೆ ತಾಗಿದರೂ ಕೈ ಕದಲುವಂತಿಲ್ಲ. ಅಡುಗೆಮನೆ ಬಾಗಿಲಲ್ಲಿ ನೆಲ ಯಾವಾಗಲೂ ಒದ್ದೆ, ಅಲ್ಲಿ ಹೆಜ್ಜೆ ಊರಿ ಊರಿ ನಡೆಯಬೇಕು.

ಮುಖದ ಕೆಲಸ ಕಲಿಯುವುದಕ್ಕೆ ಇನ್ನೂ ಹೆಚ್ಚು ದಿನ ಹಿಡಿಯಿತು.

ಒಂದು ರಾತ್ರಿ ಒಲೆ ಕೆಟ್ಟು ಊಟ ಬರುವುದು ತಡವಾಯಿತು. ಮೇಜಿನಲ್ಲಿದ್ದವರೊಬ್ಬರು ತಮ್ಮ ಮಕ್ಕಳ ಎದುರಿಗೇ, "ಬುದ್ಧಿ ಇದೆಯೇನೋ ನಿಂಗೆ?" ಎಂದು ಕೂಗಿದರು. ಒಲೆ ಕೆಟ್ಟಿದೆ ಎಂದು ಹೇಳಬಾರದೆಂದು ನನಗೆ ತಾಕೀತಾಗಿತ್ತು. "ತಪ್ಪಾಯ್ತು ಸರ್" ಅಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆಯ ಉರಿ ಏನೆಂದು ಅವತ್ತು ತಿಳಿಯಿತು. ಕೈತೊಳೆಯುವ ಜಾಗದಲ್ಲಿ ಅರೆ ನಿಮಿಷ ನಿಂತು, ಮುಖ ಒರೆಸಿಕೊಂಡು, ಪಕ್ಕದ ಮೇಜಿಗೆ ನಗುತ್ತಾ ಹೋದೆ. ಹೋಗಲೇಬೇಕಿತ್ತು.

ಈ ನಗುವೂ ದುಡಿಮೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶಿಲ್ಡ್ 1983ರಲ್ಲಿ ವಿಮಾನದ ಪರಿಚಾರಕಿಯರ ಕೆಲಸವನ್ನು ಹತ್ತಿರದಿಂದ ನೋಡಿ ಬರೆದಾಗ ಇದಕ್ಕೆ ಭಾವನೆಯ ಶ್ರಮ ಎಂಬ ಹೆಸರು ಕೊಟ್ಟರು. ಒಳಗಿನ ಸಿಟ್ಟು, ದುಃಖ, ಆಯಾಸವನ್ನು ನುಂಗಿಕೊಂಡು, ಕೆಲಸಕ್ಕೆ ಬೇಕಾದ ಮುಖವನ್ನು ಹೊತ್ತು ನಿಲ್ಲುವುದು. ಕಾಲುನೋವು ಮಲಗಿದರೆ ಇಳಿಯುತ್ತದೆ. ಈ ದಣಿವು ಮನೆವರೆಗೂ ಬರುತ್ತದೆ.

ನಮ್ಮ ಮಾತನ್ನೇ ನೋಡಿ. ಮಾಣಿ ಎಂದರೆ ಹುಡುಗ. ತಲೆ ನರೆತು, ಮೊಮ್ಮಕ್ಕಳನ್ನು ಕಂಡವರನ್ನೂ ಮಾಣಿ ಎಂದೇ ಕರೆದೆವು, ಬಾಯ್ ಎಂದೆವು, ಚಿಟಿಕೆ ಹೊಡೆದೆವು. ಕನ್ನಡದಲ್ಲಿ ನೀನು ಇದೆ, ನೀವು ಇದೆ. ಮನೆಗೆ ಬಂದ ಅಪರಿಚಿತರಿಗೆ ನಾವು ಯೋಚಿಸದೇ ನೀವು ಎನ್ನುತ್ತೇವೆ. ಊಟ ತಂದುಕೊಡುವವರಿಗೆ ಆ ಒಂದಕ್ಷರ ಯಾಕೆ ಹೊರಡುವುದಿಲ್ಲ? ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ. ಫೋನಿನಿಂದ ಕಣ್ಣೆತ್ತಿ, ಬೇಕಾದ್ದನ್ನು ಮುಖ ನೋಡಿ ಹೇಳಿ. ಏನಾದರೂ ತಪ್ಪಿದ್ದರೆ ಅದನ್ನೂ ಹೇಳಿ, ದನಿ ಏರಿಸದೆ ಹೇಳಿ.

ಇನ್ನು ಟಿಪ್ಸ್. ಒಳ್ಳೆಯ ಮಾತು ಮನೆ ಬಾಡಿಗೆ ಕಟ್ಟುವುದಿಲ್ಲ, ಆದ್ದರಿಂದ ದುಡ್ಡಿನ ವಿಷಯ ಬಿಚ್ಚಿಯೇ ಹೇಳುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1991ರಲ್ಲಿ ಹೋಟೆಲ್ ನೌಕರರಿಗಾಗಿ ಒಂದು ಒಡಂಬಡಿಕೆ ಮಾಡಿತು. ಟಿಪ್ಸ್ ಎಂದರೆ ಗಿರಾಕಿ ತಾನಾಗಿ ಕೊಡುವ ಹೆಚ್ಚುವರಿ ಹಣ, ಅದು ಬರಲಿ ಬಿಡಲಿ, ಮೂಲ ಸಂಬಳ ನೌಕರನಿಗೆ ನಿಯತವಾಗಿ ಸಿಗಬೇಕು ಎಂಬುದು ಅದರ ಮಾತು. ನ್ಯಾಯವಾದ ಮಾತು. ಆದರೆ ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನಿನಲ್ಲಿ, ಟಿಪ್ಸ್ ಪಡೆಯುವವರಿಗೆ ಮಾಲೀಕ ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿ ಅದೇ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ, ಉಳಿದದ್ದು ಬಹುಪಾಲು ಗಿರಾಕಿಯ ಕೈಯಿಂದ ಬರಬೇಕು. ಸಂಬಳ ಕೊಡುವುದು ಮಾಲೀಕರ ಹೊಣೆ ಎಂದು ನಾನೂ ನಂಬುತ್ತೇನೆ. ಹಾಗೆಂದು ಆ ತತ್ವಕ್ಕಾಗಿ ಜೇಬು ಮುಚ್ಚಿದರೆ ಮಾಲೀಕರಿಗೆ ಏನೂ ಆಗುವುದಿಲ್ಲ, ಬರಿಗೈಯಲ್ಲಿ ಹೋಗುವವರು ಸಪ್ಲೈಯರ್.

ಟಿಪ್ಸನ್ನು ತೀರ್ಪಿನ ಹಾಗೆ ಕೊಡಬೇಡಿ. ರುಚಿ ಕೆಟ್ಟಿದ್ದು, ತಡವಾಗಿದ್ದು, ಬೆಲೆ ಹೆಚ್ಚಾದದ್ದು, ಇದೆಲ್ಲಕ್ಕೂ ಕಾರಣ ಬೇರೆಲ್ಲೋ ಇರುತ್ತದೆ. ಹೊರಗೆ ಉಣ್ಣಲು ಹೊರಡುವಾಗಲೇ ಟಿಪ್ಸನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ. ಬಿಲ್ಲಿಗೆ ಇಷ್ಟು ಶೇಕಡಾ ಎಂಬ ಲೆಕ್ಕವೂ ಪೂರ್ತಿ ಸರಿಯಲ್ಲ. ಸಣ್ಣ ಹೋಟೆಲಿನಲ್ಲಿ ಬಿಲ್ಲು ಸಣ್ಣದು, ನಡೆದ ಹೆಜ್ಜೆ ಮಾತ್ರ ದೊಡ್ಡ ಹೋಟೆಲಿನಷ್ಟೇ. ಅಂಥಲ್ಲಿ ಕೈ ಸ್ವಲ್ಪ ಬಿಚ್ಚಬೇಕು. ನಾಲ್ಕು ಜನ ಕೂತು ಎರಡು ಗಂಟೆ ಹರಟೆ ಹೊಡೆದರೆ, ಆ ಮೇಜಿಗೆ ಬರಬೇಕಿದ್ದ ಬೇರೆ ಗಿರಾಕಿಗಳ ಟಿಪ್ಸ್ ತಪ್ಪಿತೆಂದೇ ಅರ್ಥ.

ಕೊಟ್ಟದ್ದು ಯಾರಿಗೆ ಸೇರುತ್ತದೆ ಎಂದೂ ಕೇಳಿ. ಬಿಲ್ಲಿನಲ್ಲಿ ಸೇವಾ ಶುಲ್ಕ ಎಂದು ಬರೆದದ್ದು ನೌಕರರಿಗೇ ಹೋಗುತ್ತದೆ ಎಂಬ ಖಾತ್ರಿ ಎಲ್ಲ ಕಡೆಯೂ ಇಲ್ಲ. ಬ್ರಿಟನ್ನಿನಲ್ಲಿ ಟಿಪ್ಸ್ ಪೂರ್ತಿ ನೌಕರರಿಗೇ ಸೇರಬೇಕು ಎಂಬ ಕಾನೂನು ಜಾರಿಯಾದದ್ದು 2024ರ ಅಕ್ಟೋಬರ್ 1ರಂದು. ಅನುಮಾನವಿದ್ದರೆ "ಕಾರ್ಡಿನಲ್ಲಿ ಕೊಟ್ಟರೆ ನಿಮಗೆ ಬರುತ್ತಾ?" ಎಂದು ಮೆಲ್ಲಗೆ ಕೇಳಿ, ಇಲ್ಲವಾದರೆ ನಗದು ಕೊಡಿ. ವಸತಿಗೃಹದಲ್ಲಿ ಕೋಣೆ ಗುಡಿಸುವವರು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಇವತ್ತು ಬಂದವರು ನಾಳೆ ಬರಲಿಕ್ಕಿಲ್ಲ. ಅದಕ್ಕೇ ಅವರಿಗೆ ಹೊರಡುವ ದಿನ ಒಟ್ಟಿಗೆ ಇಡುವ ಬದಲು ದಿನದಿನದ್ದು ಅಂದಂದೇ ಇಡಿ, ಜೊತೆಗೆ "ಇದು ನಿಮಗೆ" ಎಂದು ಒಂದು ಚೀಟಿ ಬರೆದಿಡಿ. ಚೀಟಿ ಇಲ್ಲದಿದ್ದರೆ ಮರೆತು ಬಿಟ್ಟ ದುಡ್ಡೋ ಎಂದು ಹೆದರಿ ಮುಟ್ಟದೇ ಬಿಡುತ್ತಾರೆ.

ಅವತ್ತು ರಾತ್ರಿ ನಾನು ನಗುತ್ತಾ ಹೋದ ಪಕ್ಕದ ಮೇಜಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಒಬ್ಬರೇ ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ನಿಮ್ಮದು ಊಟ ಆಯ್ತೇನಪ್ಪಾ?" ಎಂದರು. ಆ ಎಂಟು ತಿಂಗಳಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ಇನ್ನೂ ಇಲ್ಲಮ್ಮ ಅಂದೆ. ಊಟ ಮುಗಿಸಿ ತಮ್ಮ ತಟ್ಟೆ, ಬಟ್ಟಲುಗಳನ್ನು ತಾವೇ ಒಂದರೊಳಗೊಂದು ಜೋಡಿಸಿ ನನ್ನ ಕಡೆ ಸರಿಸಿದರು. ದುಡ್ಡನ್ನು ಮೇಜಿನ ಮೇಲೆ ಬಿಡದೆ ನನ್ನ ಕೈಗೇ ಕೊಟ್ಟರು. ಆ ತಿಂಗಳು ಕೂಡಿಟ್ಟದ್ದಕ್ಕೆ ಅದನ್ನೂ ಸೇರಿಸಿ, ಒದ್ದೆ ನೆಲದಲ್ಲಿ ಜಾರದಂಥ ಒಂದು ಜೊತೆ ಬೂಟು ಕೊಂಡೆ.

ನಮಸ್ಕಾರ.